ಗೇಮ್ ಆಡೋದು ಬರತ್ತೆ ಸರಿ, ಚೌಕಾಬಾರದ ರೂಲ್ ಬದಲಾಯಿಸೋಕೆ ಬರತ್ತಾ?

ಹೋದ ತಿಂಗಳು ಒಂದು ಭಾನುವಾರ ನಮ್ಮ ದೊಡ್ಡಮ್ಮನ ಮಗ ಫೋನ್ ಮಾಡಿ, ತಿಪಟೂರಿಂದ ಪರಿಚಯದೋರು ಬರ್ತಿದ್ದಾರೆ, ಮಗಳು ಸೆಕೆಂಡ್ ಪಿಯುಸಿ, ಫೋನು ಕಂಪ್ಯೂಟರ್ ಗೇಮ್ ಮಾಡೋ ಲೈನಿಗೇ ಹೋಗೋದು ಅಂತ ಹಟ ಹಿಡಿದು ಕೂತಿದ್ದಾಳೆ, ನೀನೇ ಸ್ವಲ್ಪ ಬುದ್ಧಿ ಹೇಳು ಅಂದ. ನಮ್ಮ ಕಡೆ ಬುದ್ಧಿ ಹೇಳು ಅಂದ್ರೆ ಬೇಡ ಅನ್ನು ಅಂತ ಅರ್ಥ. ನಾನು ಬೆಂಗಳೂರಲ್ಲಿ ಹದಿನಾಲ್ಕು ವರ್ಷದಿಂದ ಇದೇ ಅನ್ನ ತಿಂತಿರೋನು, ಗೇಮಲ್ಲಿ ತಪ್ಪು ಹುಡುಕೋ ಟೆಸ್ಟರ್ ಆಗಿ ಸೇರಿ ಈಗ ಟೆಸ್ಟಿಂಗ್ ಟೀಮ್ ನೋಡ್ಕೋತಿದ್ದೀನಿ, ಯಾವ ಬಾಯಲ್ಲಿ ಬೇಡ ಅನ್ಲಿ ಹೇಳಿ.

ಹುಡುಗಿ ಅಪ್ಪಂದು ಕೊಬ್ಬರಿ ವ್ಯಾಪಾರ. ಕಾಫಿ ಲೋಟ ಕೆಳಗಿಡೋ ಮುಂಚೆನೇ ಕೇಳಿದ್ರು, "ಸರ್, ಈ ಆನ್‌ಲೈನ್ ಗೇಮೆಲ್ಲ ಸೆಂಟ್ರಲ್ ಗೌರ್ಮೆಂಟೋರು ಬ್ಯಾನ್ ಮಾಡುದ್ರಲ್ಲ, ಮತ್ತೆ ಇದ್ರಲ್ಲಿ ಕೆಲಸ ಎಲ್ಲಿದೆ?" ಒಳ್ಳೆ ಪ್ರಶ್ನೆ, ಯಾಕಂದ್ರೆ ಈ ಗೊಂದಲ ತುಂಬ ಜನಕ್ಕಿದೆ. 2025 ರ ಆಗಸ್ಟಲ್ಲಿ ಬಂದ ಕಾಯ್ದೆ ತಡೆದಿದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟಗಳನ್ನ, ರಮ್ಮಿ ಪೋಕರ್ ದುಡ್ಡಿನ ಫ್ಯಾಂಟಸಿ ಕ್ರಿಕೆಟ್ ಇಂಥವು. ಇ-ಸ್ಪೋರ್ಟ್ಸು ಅಂದ್ರೆ ವಿಡಿಯೋ ಗೇಮ್ ಪಂದ್ಯ, ಮನೋರಂಜನೆ ಗೇಮು ಇವು ಬೇರೆ, ಅದನ್ನ ಅದೇ ಕಾಯ್ದೆ ಬೆಳೆಸಬೇಕು ಅನ್ನತ್ತೆ. ಆದ್ರೂ ಅಪ್ಪನ ಭಯ ಪೂರ್ತಿ ಸುಳ್ಳಲ್ಲ, ಆ ದುಡ್ಡಿನ ಆಟದ ಕಂಪನಿಗಳಲ್ಲಿ ಬೆಂಗಳೂರಲ್ಲೇ ಎಷ್ಟೋ ಹುಡುಗ್ರ ಕೆಲಸ ಹೋಯ್ತು, ಅವರಲ್ಲಿ ಪ್ರೋಗ್ರಾಮರು ಆರ್ಟಿಸ್ಟು ಎಲ್ಲ ಇದ್ರು, ಅವರ ಕೆಲಸ ಕಲಿತದ್ದು ಸುಳ್ಳಾಗಲಿಲ್ಲ ಆದ್ರೆ ಇಎಂಐ ಕಟ್ಟೋ ದಿನ ಅಂತೂ ನಿಲ್ಲಲಿಲ್ಲ.

ಹುಡುಗಿ ಅಲ್ಲೀವರೆಗೂ ಮಾತಾಡಿರಲಿಲ್ಲ. ನಿಂಗೇನಾಗ್ಬೇಕಮ್ಮ ಅಂದ್ರೆ "ಗೇಮ್ ಡೆವಲಪರ್ ಸರ್" ಅಂದ್ಲು. ಇದು ಹೆಂಗೆ ಅಂದ್ರೆ ಮದುವೆ ಮನೇಲಿ ಏನ್ ಕೆಲಸ ಮಾಡ್ತೀಯ ಅಂದ್ರೆ "ಮದುವೆ ಕೆಲಸ" ಅಂದ ಹಾಗೆ. ಅಡುಗೆ ಭಟ್ಟರೂ ಮದುವೆ ಕೆಲಸದೋರೇ, ವಾಲಗದೋರೂ ಅಷ್ಟೇ, ಚಪ್ಪರ ಕಟ್ಟೋರೂ ಅಷ್ಟೇ. ಅವಳಿಗೆ ಅರ್ಥ ಆಗ್ಲಿ ಅಂತ ಕೇಳ್ದೆ, ಮನೇಲಿ ಚೌಕಾಬಾರ ಆಡ್ತೀರಾ? ಅಜ್ಜಿ ಜೊತೆ ಆಡ್ತೀನಿ ಅಂದ್ಲು. ಸರಿ, ನಾಳೆ ಬೆಳಿಗ್ಗೆ ಆ ಚೌಕಾಬಾರನ ಫೋನಿಗೆ ತರ್ಬೇಕು ಅಂದ್ಕೋ, ಯಾರ್ಯಾರು ಬೇಕು ನೋಡೋಣ.

ಇಪ್ಪತ್ತೈದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಎದುರಾಳಿದು ಒಂದಾದ್ರೂ ಕಾಯಿ ಕಡೀದೆ ಒಳಗಿನ ಸುತ್ತಿಗೆ ಹೋಗೋ ಹಾಗಿಲ್ಲ. ಚೌಕ (ನಾಲ್ಕು) ಬಿದ್ರೂ ಬಾರ (ಎಂಟು) ಬಿದ್ರೂ ಇನ್ನೊಂದು ಸಲ ಹಾಕ್ಬೋದು. ಇಷ್ಟೇ ಅಲ್ವಾ ಅನ್ಸತ್ತೆ. ಈಗ ನಾಲ್ಕು ಜನ ನಾಲ್ಕು ಊರಿಂದ ಆಡ್ತಿದ್ದಾರೆ, ಒಬ್ಬನ ನೆಟ್ ಹೋಯ್ತು, ಅವನ ಕಾಯಿ ಏನಾಗ್ಬೇಕು? ಕಾಯ್ತಾರಾ, ಎಷ್ಟು ಸೆಕೆಂಡ್ ಕಾಯ್ತಾರೆ, ಸೋಲೋ ಹೊತ್ತಿಗೆ ಬೇಕಂತಲೇ ನೆಟ್ ಆಫ್ ಮಾಡೋ ಕಿಲಾಡಿನ ಏನ್ಮಾಡೋದು? ಇದನ್ನ ತೀರ್ಮಾನ ಮಾಡೋನು ಡಿಸೈನರ್, ತೀರ್ಮಾನ ಮಾಡಿದ್ದನ್ನ ಬರೆದಿಡಬೇಕು, ಬರವಣಿಗೆ ಬರಲ್ಲ ಅನ್ನೋನು ಡಿಸೈನರ್ ಆಗೋದು ಕಷ್ಟ. ಕವಡೆ ಎಷ್ಟು ಬಿತ್ತು ಅನ್ನೋದನ್ನ ಫೋನ್ ಹೇಳೋ ಹಾಗಿಲ್ಲ, ಫೋನ್ ಹೇಳುದ್ರೆ ಯಾರಾದ್ರೂ ಮೋಸ ಮಾಡಿ ದಿನಾ ಬಾರ ಹಾಕ್ಕೋತಾರೆ, ಅದಕ್ಕೆ ಅದು ಸರ್ವರಿಂದ, ಅಂದ್ರೆ ಕಂಪನಿ ಕಡೆ ಕಂಪ್ಯೂಟರಿಂದ ಬರ್ಬೇಕು, ಅದು ಸರ್ವರ್ ಪ್ರೋಗ್ರಾಮರ್ ಕೆಲಸ. ಹಂಗಾದ್ರೆ ಕವಡೆ ಉರುಳೋ ಮುಂಚೆನೇ ಎಷ್ಟು ಅಂತ ಗೊತ್ತಾಗ್ಬಿಟ್ಟಿರತ್ತೆ, ಆದ್ರೂ ಉರುಳೋದು ನಿಜ ಅನ್ನಿಸ್ಬೇಕು ಮತ್ತೆ ಕರೆಕ್ಟಾಗಿ ಅದೇ ಲೆಕ್ಕಕ್ಕೇ ಬಂದು ನಿಲ್ಲಬೇಕು, ಅಲ್ಲಿ ಅನಿಮೇಟರೂ ಪ್ರೋಗ್ರಾಮರೂ ಕಿತ್ತಾಡ್ತಾರೆ. ಅಂಗೈ ಅಗಲದ ಸ್ಕ್ರೀನಲ್ಲಿ ಕವಡೆ ಬಾಯಿ ಮೇಲೆ ಬಿತ್ತಾ ಬೆನ್ನು ಮೇಲೆ ಬಿತ್ತಾ ಅಂತ ಅಜ್ಜಿ ಕಣ್ಣಿಗೂ ಕಾಣೋ ಹಾಗೆ ಬರೆಯೋನು ಆರ್ಟಿಸ್ಟ್. ಕಲ್ಲಿನ ಮೇಲೆ ಕವಡೆ ಬಿದ್ರೆ ಒಂದು ಸದ್ದು, ಮಣೆ ಮೇಲೆ ಬಿದ್ರೆ ಇನ್ನೊಂದು, ಅದಕ್ಕೆ ಸೌಂಡಿನೋರು. ಜನ ಮೂರನೇ ಆಟಕ್ಕೇ ಯಾಕೆ ಬಿಟ್ಟು ಹೋಗ್ತಿದ್ದಾರೆ ಅಂತ ನೋಡೋಕೆ ಡೇಟಾದೋರು. ಇದೆಲ್ಲ ಯಾವತ್ತು ಮುಗಿಯತ್ತೆ ಅಂತ ಬೈಸ್ಕೊಳ್ಳೋಕೆ ಪ್ರೊಡ್ಯೂಸರ್. ಕನ್ನಡದಲ್ಲೂ ಬರ್ಲಿ ಅಂದ್ರೆ ಭಾಷೆ ಕೆಲಸದೋರು ಬೇರೆ, ಯಾಕಂದ್ರೆ ಎಷ್ಟೋ ಗೇಮ್ ಎಂಜಿನ್‌ಗಳಲ್ಲಿ (ಗೇಮ್ ಕಟ್ಟೋ ಸಾಫ್ಟ್‌ವೇರ್) ಹಂಗೇ ಬಿಟ್ರೆ ನಮ್ಮ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿ ಆಗತ್ತೆ, ಅದನ್ನ ಸರಿ ಮಾಡೋಕೇ ಎಕ್ಸ್ಟ್ರಾ ಕೆಲಸ ಹಾಕ್ಬೇಕು, ಸರಿ ಮಾಡುದ್ರೂ ಬಟನ್ ಕೆಳಗಡೆ ಒತ್ತು ಅರ್ಧ ಕಟ್ ಆಗಿ ಕೂತಿರತ್ತೆ.

ಆಮೇಲೆ ನಾವು, ಟೆಸ್ಟರ್‌ಗಳು. ಕವಡೆ ಉರುಳ್ತಿರೋವಾಗ ಫೋನ್ ಕಾಲ್ ಬಂದ್ರೆ? ಬ್ಯಾಟರಿ ಸತ್ರೆ? ಇದನ್ನೇ ದಿನಕ್ಕೆ ಇನ್ನೂರು ಸಲ ಮಾಡೋದು. ಹುಡುಗಿ ಕಣ್ಣು ಅರಳ್ತು, "ದಿನಾ ಗೇಮ್ ಆಡೋದಕ್ಕೇ ಸಂಬಳನಾ ಸರ್?" ಅಂದ್ಲು. ಇಲ್ಲ ಕಣಮ್ಮ, ಆಡೋದು ಬೇರೆ, ಒಂದೇ ಗೋಡೆಗೆ ಮೂರು ದಿನ ತಲೆ ಗುದ್ದಿ ಎಲ್ಲಿ ತೂರಿ ಹೋಗತ್ತೆ ಅಂತ ಹುಡುಕೋದು ಬೇರೆ.

ನಾನು ಸೇರಿದ ಮೊದಲ ವಾರ ಒಂದು ಬಗ್ ಅಂದ್ರೆ ತಪ್ಪಿನ ರಿಪೋರ್ಟ್ ಬರೆದಿದ್ದೆ, "ಗೇಮ್ ಹ್ಯಾಂಗ್ ಆಗ್ತಿದೆ" ಅಂತ, ಅಷ್ಟೇ. ನಮ್ಮ ಲೀಡ್ ಅದನ್ನ ಹಂಗೇ ವಾಪಸ್ ಕಳಿಸಿ "ಮಳೆ ಬರ್ತಿದೆ ಅಂತ ಬರೆದ್ರೆ ನಾನು ಕೊಡೆ ಯಾವ ಊರಿಗೆ ಕಳಿಸ್ಲಿ?" ಅಂದ್ರು. ಯಾವ ಫೋನು, ಯಾವ ಬಿಲ್ಡ್ ನಂಬರು (ಗೇಮಿನ ಎಷ್ಟನೇ ಆವೃತ್ತಿ), ಏನೇನು ಒತ್ತಿದೆ, ಯಾವ ಕ್ರಮದಲ್ಲಿ, ಏನಾಗ್ಬೇಕಿತ್ತು ಏನಾಯ್ತು, 10 ಸಲ ಮಾಡುದ್ರೆ ಎಷ್ಟು ಸಲ ಆಗತ್ತೆ, ಇಷ್ಟು ಇದ್ರೆ ಮಾತ್ರ ಅದು ಬಗ್ಗು, ಇಲ್ದಿದ್ರೆ ಗೊಣಗಾಟ. ಸಂಬಳ ಶುರುವಲ್ಲಿ ಅಷ್ಟಕ್ಕಷ್ಟೇ, ತುಂಬ ಕಡೆ ಕಾಂಟ್ರಾಕ್ಟು, ಅದನ್ನೂ ಅವರಪ್ಪನ ಎದುರೇ ಹೇಳ್ದೆ, ಮುಚ್ಚಿಟ್ಟು ಏನು ಪ್ರಯೋಜನ.

ಲೆಕ್ಕ ಬೇಕಾ ಸರ್ ಅಂತ ಕೇಳಿದ್ಲು, ಬೇಡ ಅನ್ಲಿ ಅನ್ನೋ ಆಸೆ ಮುಖದಲ್ಲೇ ಇತ್ತು. ಪ್ರೋಗ್ರಾಮಿಂಗಿಗೆ ಹೋದ್ರೆ ಬೇಕೇ ಬೇಕು. ಪಿಯುಸಿ ವೆಕ್ಟರ್ ಪಾಠದಲ್ಲಿ ಡಾಟ್ ಪ್ರಾಡಕ್ಟ್ ಇದೆಯಲ್ಲ, ಯಾಕೆ ಓದ್ತಿದ್ದೀವಿ ಅಂತ ಯಾರೂ ಹೇಳಲ್ಲ. ಶತ್ರು ಯಾವ ಕಡೆ ಮುಖ ಮಾಡಿದ್ದಾನೋ ಆ ವೆಕ್ಟರು, ಅವನಿಂದ ನಿನ್ನ ಕಡೆಗೆ ಇನ್ನೊಂದು ವೆಕ್ಟರು, ಎರಡರ ಡಾಟ್ ಪ್ರಾಡಕ್ಟ್ ಪ್ಲಸ್ ಬಂದ್ರೆ ನೀನು ಅವನ ಮುಂದೆ ಇದ್ದೀಯ, ಮೈನಸ್ ಬಂದ್ರೆ ಬೆನ್ನ ಹಿಂದೆ. ಶತ್ರು ನಿನ್ನ ನೋಡುದ್ನಾ ಇಲ್ವಾ ಅನ್ನೋ ಲೆಕ್ಕ ಶುರುವಾಗೋದೇ ಅಲ್ಲಿಂದ. ಸೆಕೆಂಡಿಗೆ 60 ಫ್ರೇಮ್, ಅಂದ್ರೆ 60 ಚಿತ್ರ ಓಡ್ಬೇಕು ಅಂದ್ರೆ ಒಂದು ಫ್ರೇಮಿಗೆ ಸಿಗೋದು 16 ಮಿಲಿಸೆಕೆಂಡ್ ಚಿಲ್ಲರೆ, ಅಷ್ಟರಲ್ಲಿ ಈ ಲೆಕ್ಕ, ಚಿತ್ರ, ಸದ್ದು ಎಲ್ಲ ಮುಗಿದಿರಬೇಕು.

ಬೆಂಗಳೂರಿನ ವಿಷಯ ಒಂದು ಹೇಳ್ಲೇಬೇಕು. ಇಲ್ಲಿ ಇದು ನಿನ್ನೆ ಮೊನ್ನೆ ಬಂದಿದ್ದಲ್ಲ, ರಾಜೇಶ್ ರಾವ್ ಅವರ ಧ್ರುವ ಇಂಟರಾಕ್ಟಿವ್ ಅನ್ನೋ ಗೇಮ್ ಕಂಪನಿ ಶುರುವಾಗಿದ್ದು 1997 ರಲ್ಲಿ, ಆಮೇಲೆ ಅದು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೈಗೆ ಹೋಗಿ 2019 ರಲ್ಲಿ ಜಿಟಿಎ ಗೇಮ್ ಮಾಡೋ ರಾಕ್‌ಸ್ಟಾರ್ ಕೊಂಡ್ಕೊಂಡು ಇಲ್ಲಿನ ತನ್ನ ಸ್ಟುಡಿಯೋಗೆ ಸೇರಿಸ್ಕೊಳ್ತು. ಆದ್ರೆ ಇಲ್ಲಿ ಸಿಗೋ ಕೆಲಸದಲ್ಲಿ ದೊಡ್ಡ ಪಾಲು ಹೊರಗಿನೋರ ಗೇಮಿಗೆ ನಾವು ಒಂದು ಭಾಗ ಮಾಡಿಕೊಡೋದು. ಹೊಸಬ ಆರ್ಟಿಸ್ಟ್ ಆರು ತಿಂಗಳು ಬರೀ ಕಾರು, ಕುರ್ಚಿ, ಕಸದ ಡಬ್ಬ ಮಾಡ್ತಿರಬೋದು, ಮಾಡಿದ್ದನ್ನ ಗೇಮ್ ಬಿಡುಗಡೆ ಆಗೋವರೆಗೂ ಅಮ್ಮಂಗೂ ತೋರಿಸೋ ಹಾಗಿಲ್ಲ, ಸಹಿ ಹಾಕಿರ್ತೀವಿ. ಪ್ರಾಜೆಕ್ಟೇ ನಿಂತು ಹೋದ್ರೆ ಯಾವತ್ತೂ ತೋರಿಸೋ ಹಾಗಿಲ್ಲ. 2023, 2024 ರಲ್ಲಿ ಪ್ರಪಂಚದಾದ್ಯಂತ ಗೇಮ್ ಕಂಪನಿಗಳು ಜನರನ್ನ ತೆಗೆದಾಗ ಅದರ ಬಿಸಿ ಇಲ್ಲಿಗೂ ತಾಗಿದ್ದು ಇದೇ ಕಾರಣಕ್ಕೆ, ಅಲ್ಲಿ ಕೆಮ್ಮಿದ್ರೆ ಇಲ್ಲಿ ಜ್ವರ.

ಅಪ್ಪ ಅಷ್ಟೊತ್ತಿಗೆ ಒಂದು ಬ್ರೋಷರ್ ತೆಗೆದ್ರು, ಯಾವುದೋ ಇನ್‌ಸ್ಟಿಟ್ಯೂಟು, ಫೀಸು ಲಕ್ಷಗಳಲ್ಲಿ, ಮೇಲೆ ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತ ದಪ್ಪಕ್ಷರ. ಯಜಮಾನ್ರೇ, ಕೊಬ್ಬರಿ ತಗೊಳ್ಳೋವಾಗ ಚೀಲದ ಮೇಲಿರೋ ಹೆಸ್ರು ನೋಡಿ ತಗೋತೀರಾ ಒಡೆದು ನೋಡಿ ತಗೋತೀರಾ ಅಂದೆ. ಹೋದ ವರ್ಷ ಅಲ್ಲಿ ಓದಿದ ಹುಡುಗ್ರ ಕೆಲಸ ತೋರ್ಸಿ ಅಂತ ಕೇಳಿ, ಈಗ ಎಲ್ಲಿದ್ದಾರೆ ಕೇಳಿ, ಇಬ್ಬರಿಗೆ ನೀವೇ ಫೋನ್ ಮಾಡಿ. ನನ್ನ ಲೆಕ್ಕದಲ್ಲಿ ಪ್ರೋಗ್ರಾಮಿಂಗ್ ಅಂದ್ರೆ ಕಂಪ್ಯೂಟರ್ ಸೈನ್ಸ್ ಡಿಗ್ರಿನೇ ಕ್ಷೇಮ, ಗೇಮ್ ಕೈ ಕೊಟ್ರೂ ಡಿಗ್ರಿ ಕೈ ಬಿಡಲ್ಲ. ಆರ್ಟ್ ಅಂದ್ರೆ ಮೈಸೂರಿನ ಕಾವಾ (ಚಿತ್ರಕಲಾ ಕಾಲೇಜು) ಥರದ ಕಡೆ ಕೈ ಪಳಗಿಸ್ಕೊಂಡು ಬಂದೋರು ಸಾಫ್ಟ್‌ವೇರ್ ಬೇಗ ಹಿಡೀತಾರೆ, ಸಾಫ್ಟ್‌ವೇರ್ ಮೊದಲು ಕಲಿತೋರಿಗೆ ಚಿತ್ರ ಅಷ್ಟು ಬೇಗ ಬರಲ್ಲ. ಡಿಗ್ರಿ ಆದ್ಮೇಲೆ ಡಿಸೈನೇ ಬೇಕು ಅಂದ್ರೆ ಎನ್‌ಐಡಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಬೆಂಗಳೂರಲ್ಲಿ ಡಿಜಿಟಲ್ ಗೇಮ್ ಡಿಸೈನಲ್ಲಿ ಎಂ.ಡಿಸ್ ಅನ್ನೋ ಮಾಸ್ಟರ್ ಡಿಗ್ರಿ ಇದೆ. ಇನ್ನು ಗೇಮ್ ಕಟ್ಟೋ ಗೊಡೋ, 3ಡಿ ಚಿತ್ರ ಮಾಡೋ ಬ್ಲೆಂಡರ್ ಎರಡೂ ಸಾಫ್ಟ್‌ವೇರ್ ಪೂರ್ತಿ ಫ್ರೀ, ಗೊಡೋ ಅಂತೂ ಹಳೇ ಲ್ಯಾಪ್‌ಟಾಪಲ್ಲೂ ಓಡತ್ತೆ, ಲಕ್ಷದ ಗೇಮಿಂಗ್ ಪಿಸಿ ಕೊಡ್ಸಿ ಅಂತ ಈಗ್ಲೇ ಅಪ್ಪನ ತಲೆ ತಿನ್ನೋದು ಬೇಡ (ಇದನ್ನ ಕೇಳಿ ಅಪ್ಪ ಮೊದಲನೇ ಸಲ ನಕ್ರು).

ಹೊರಡೋವಾಗ ಹುಡುಗಿಗೆ ಒಂದು ಹೋಂವರ್ಕ್ ಕೊಟ್ಟೆ. ಕಂಪ್ಯೂಟರ್ ಮುಟ್ಬೇಡ. ಚೌಕಾಬಾರದಲ್ಲಿ ಒಂದೇ ಒಂದು ರೂಲ್ ಬದಲಾಯಿಸು, ಅಜ್ಜಿ ಜೊತೆ ಹತ್ತು ಆಟ ಆಡು, ಏನಾಯ್ತು ಬರಿ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೇಲಿ ಕೂತು ಹೊಸ ಹೊಸ ಮಣೆ ಆಟ, ಇಸ್ಪೀಟಾಟ ಕಟ್ಟಿದೋರು, ಅವರ ಹತ್ರಾನೂ ಲ್ಯಾಪ್‌ಟಾಪ್ ಇರ್ಲಿಲ್ಲ. ಸತ್ಯ ಹೇಳ್ಬೇಕಂದ್ರೆ ನಾನು ಈ ಹೋಂವರ್ಕ್ ತುಂಬ ಮಕ್ಕಳಿಗೆ ಕೊಟ್ಟಿದ್ದೀನಿ, ಮುಕ್ಕಾಲು ಪಾಲು ತಿರುಗಿ ಉತ್ತರ ಬರಲ್ಲ, ಬರ್ದೇ ಇರೋದೂ ಒಂದು ಉತ್ತರ ಅಂತ ಸುಮ್ನಾಗ್ತೀನಿ.

ಎರಡು ವಾರ ಆದ್ಮೇಲೆ ವಾಟ್ಸಾಪಲ್ಲಿ ಮೂರು ಪುಟದ ಫೋಟೋ ಬಂತು. ಕಡೀದೆನೇ ಒಳಗೆ ಹೋಗ್ಬೋದು ಅಂತ ರೂಲ್ ಬದಲಾಯಿಸಿದ್ಲಂತೆ, ಆಟ ಬೇಗ ಮುಗಿದು ಜಾಸ್ತಿ ಮಜಾ ಬರತ್ತೆ ಅಂದ್ಕೊಂಡು. ಬೇಗ ಮುಗೀತು, ನಿಜ. ಆದ್ರೆ ಯಾರೂ ಯಾರ ಕಾಯಿಗೂ ಹೋಗ್ಲಿಲ್ಲ, ಎಲ್ರೂ ಅವರವರ ಪಾಡಿಗೆ ಸುತ್ತಿ ಹಣ್ಣಾದ್ರು. ನಾಲ್ಕನೇ ಆಟಕ್ಕೆ ಅಜ್ಜಿ "ಜಗಳ ಇಲ್ದಿದ್ಮೇಲೆ ಇದ್ಯಾವ ಸೀಮೆ ಆಟನೇ" ಅಂತ ಎದ್ದು ಹೋದ್ರಂತೆ, ಅದನ್ನೂ ಟೈಮ್ ಸಮೇತ ಬರೆದಿದ್ಲು. ಎರಡನೇ ಪುಟದಲ್ಲಿ ಇನ್ನೊಂದು ಲೆಕ್ಕ, ಕವಡೆನ ನಾಣ್ಯದ ಥರ ಅಂದ್ಕೊಂಡ್ರೆ 16 ರಲ್ಲಿ ಒಂದು ಸಲ ಚೌಕ, ಒಂದು ಸಲ ಬಾರ, ಆರು ಸಲ ಎರಡು. ಲೆಕ್ಕ ಸರಿ. ಆದ್ರೆ ಕವಡೆ ನಾಣ್ಯ ಅಲ್ವಲ್ಲ, ಅದರ ಬೆನ್ನೇ ಬೇರೆ ಬಾಯೇ ಬೇರೆ, ನೂರು ಸಲ ಹಾಕಿ ಎಣಿಸಿ ನೋಡು ಅಂತ ಕಳಿಸ್ದೆ.

ನಿನ್ನೆ ರಾತ್ರಿ ಮತ್ತೆ ಮೆಸೇಜ್: "ಸರ್ ನೂರು ನೂರು ಸಲ ಹಾಕ್ದೆ, ಅಜ್ಜಿ ಹಳೇ ಕವಡೆಗೆ ಒಂದು ಲೆಕ್ಕ ಬರ್ತಿದೆ, ಅಂಗಡಿಯಿಂದ ತಂದಿರೋ ಕವಡೆಗೆ ಇನ್ನೊಂದು ಲೆಕ್ಕ ಬರ್ತಿದೆ, ಯಾವ್ದು ಬರೀಲಿ?"

ಎರಡೂ ಬರಿ, ಯಾವ ಕವಡೆ ಅಂತ ಪಕ್ಕದಲ್ಲಿ ಹಾಕು ಅಂದೆ.