ಕಸಿ ಕಟ್ಟೋರಿಗೆ ಗೊತ್ತಿರೋ ಮೂಳೆ ವಿಷ್ಯ

ನಮ್ಮ ಬೀದಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ರು, ಒಂದು ಕಾಲು ಗಿಡ್ಡ ಆಗಿ ಪಾದ ಹೊರಕ್ಕೆ ತಿರುಗ್ಕೊಂಡಿತ್ತು, ಮನೆಯೋರು ಕಾರಲ್ಲಿ ಮಲಗಿಸ್ಕೊಂಡು ಹೋಗಿದ್ದು ಆಸ್ಪತ್ರೆಗಲ್ಲ, ನಾಟಿ ಕಟ್ಟು ಕಟ್ಸೋಕೆ! ನಮ್ಮ ಕೋಲಾರದ ಕಡೆ ಇದೇನು ಹೊಸದಲ್ಲ ಬಿಡಿ. ಮುಂಗೈ ಮೂಳೆ ಸುಮ್ನೆ ಬಿರುಕು ಬಿಟ್ಟಿದ್ರೆ ಅದ್ರಲ್ಲೂ ಕೂಡ್ಕೊಳ್ಳುತ್ತೆ, ಆದ್ರೆ ಕೂಡ್ಸೋದು ಆ ಕಟ್ಟಿಗೆ ಹಚ್ಚೋ ಮೊಟ್ಟೆ ಬಿಳೀನೋ ಉದ್ದಿನ ಹಿಟ್ಟೋ ಅಲ್ಲ ಕಣ್ರೀ, ಮೂಳೆ ತಾನೇ ಕೂಡುತ್ತೆ.

ಸೊಂಟ ಮುರೀತು ಅಂತೀವಲ್ಲ, ನಿಜವಾಗ್ಲೂ ಮುರಿಯೋದು ತೊಡೆ ಮೂಳೆಯ ಮೇಲ್ಗಡೆ. ಆ ಮೂಳೆಯ ತುದೀಲಿ ಸೊಂಟದ ಕುಳಿಯೊಳಗೆ ಕೂರೋ ಚೆಂಡಿನಂಥ ಗುಂಡು ಇರುತ್ತೆ, ಅದ್ರ ಕೆಳಗೆ ಸಣ್ಣ ಕತ್ತು, ಅದ್ರಲ್ಲೂ ಆ ಕತ್ತು ಮುರಿದ್ರೆ ಕಷ್ಟ. ಶ್ರೀನಿವಾಸಪುರದಲ್ಲಿ ಮಾವಿಗೆ ಕಸಿ ಕಟ್ಟೋರ್ನ ಕೇಳಿ ನೋಡಿ, ಕಡ್ಡಿ ಅಲ್ಲಾಡಬಾರ್ದು, ರಸ ಹರೀಬೇಕು, ಎರಡ್ರಲ್ಲಿ ಒಂದು ತಪ್ಪಿದ್ರೂ ಕಸಿ ಹತ್ತಲ್ಲ. ಮೂಳೇದೂ ಅದೇ ಲೆಕ್ಕ. ಜಾಸ್ತಿ ಅಲ್ಲಾಡಿದ್ರೆ ಮಧ್ಯದಲ್ಲಿ ನಾರು ತುಂಬ್ಕೊಂಡು ಅಲ್ಲೇ ನಿಂತುಬಿಡುತ್ತೆ. ಇನ್ನು ರಕ್ತ? ಗುಂಡಿಗೆ ಹೋಗೋ ಮುಖ್ಯ ರಕ್ತನಾಳಗಳು ಕತ್ತಿಗೆ ಅಂಟ್ಕೊಂಡೇ ಮೇಲಕ್ಕೆ ಹತ್ತೋದು, ಕತ್ತು ಮುರಿದು ಜಾರಿದ್ರೆ ಅವೂ ಕಿತ್ತುಹೋಗುತ್ವೆ. ಟೊಮೇಟೊ ತೋಟದಲ್ಲಿ ಡ್ರಿಪ್ ಪೈಪು ಮಧ್ಯ ಕಟ್ಟಾದ್ರೆ ತುದಿ ಗಿಡ ಒಣಗಲ್ವಾ, ಹಂಗೇ ಗುಂಡು ಒಳಗೊಳಗೇ ಸಾಯುತ್ತೆ. ಸಾಲದ್ದಕ್ಕೆ ಬೇರೆ ಮೂಳೆಗೆ ಮುರಿದ ಕಡೆ ಹೊರಗಿಂದ ಹೊಸ ಮೂಳೆ ಗಂಟು ಕಟ್ಟೋ ಪೊರೆ ಇರುತ್ತಲ್ಲ, ಕತ್ತಿಗೆ ಅದೂ ಸರಿಯಾಗಿಲ್ಲ. ಇದಕ್ಕೆ ಹೊರಗಡೆ ಬಿದಿರು ದಬ್ಬೆ ಕಟ್ಟಿ ಏನ್ ಮಾಡ್ತೀರಾ?

ಅದಕ್ಕೇ ವಯಸ್ಸಾದೋರಿಗೆ ಕತ್ತು ಜಾರಿದ್ರೆ ಡಾಕ್ಟ್ರು ಕೂಡ್ಸೋಕೆ ಹೋಗಲ್ಲ, ಗುಂಡನ್ನೇ ತೆಗೆದು ಲೋಹದ್ದು ಹಾಕ್ತಾರೆ. 1940ರಲ್ಲಿ ಅಮೆರಿಕದ ಡಾಕ್ಟ್ರುಗಳಾದ ಆಸ್ಟಿನ್ ಮೂರ್ ಮತ್ತೆ ಹೆರಾಲ್ಡ್ ಬೋಲ್ಮನ್ ಇಬ್ರೂ ಸೇರಿ ಮೂಳೆ ಗಡ್ಡೆ ಆಗಿದ್ದ ಒಬ್ಬ ಪೇಷೆಂಟ್‌ಗೆ ತೊಡೆ ಮೂಳೆಯ ಮೇಲ್ಭಾಗಾನೇ ಲೋಹದ್ದು ಕೂರಿಸಿದ್ರು, ಮೂರ್ ಹೆಸರಿನ ಗುಂಡು ನಮ್ಮ ದೇಶದಲ್ಲಿ ಇವತ್ತಿಗೂ ಹಾಕ್ತಾರೆ. ವಯಸ್ಸು ಚಿಕ್ಕದಾದ್ರೆ ಸ್ಕ್ರೂ ಹಾಕಿ ಸ್ವಂತ ಗುಂಡು ಉಳಿಸೋಕೆ ನೋಡ್ತಾರೆ. ಕತ್ತಿನ ಕೆಳಗೆ ಮುರಿದಿದ್ರೆ ರಕ್ತಕ್ಕೇನು ಬರ ಇಲ್ಲ, ರಾಡ್ ಹಾಕಿ ನೆಟ್ಟಗೆ ನಿಲ್ಸಿದ್ರೆ ಸಾಕು.

"ಎಂಬತ್ತಾಯ್ತು, ಆಪರೇಷನ್ ಯಾಕೆ ಬಿಡಿ" ಅಂತಾರಲ್ಲ, ಅದು ಕೇಳಿದ್ರೆ ನಂಗೆ ಮೈ ಉರಿಯುತ್ತೆ. ಮಲಗಿದಲ್ಲೇ ಮಲಗಿದ್ರೆ ನ್ಯುಮೋನಿಯಾ, ಬೆನ್ನಿಗೆ ಹುಣ್ಣು, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು. ಆದಷ್ಟೂ ಎರಡು ದಿನದೊಳಗೆ ಆಪರೇಷನ್ ಮಾಡಿ ಎಬ್ಬಿಸಿ ನಿಲ್ಸೋದೇ ಅದಕ್ಕೆ. ನಮ್ಮ ಅಜ್ಜೀನ ಆಸ್ಪತ್ರೆಗೆ ತಂದಿದ್ದು ಆರನೇ ದಿನ, ಅಷ್ಟೊತ್ತಿಗೆ ಬೆನ್ನು ಕೆಂಪಗಾಗಿತ್ತು.

ಇನ್ನು ಕೆಲವ್ರಿಗೆ ಮೊಣಕಾಲ ಕೆಳಗಿನ ಮೂಳೆ ಮುರಿದು ಒಂಬತ್ತು ತಿಂಗಳಾದ್ರೂ ಕೂಡಲ್ಲ, ಸೋಂಕಿರುತ್ತೆ, ಶುಗರ್ ಇರುತ್ತೆ, ಬೀಡಿ ಬಿಟ್ಟಿರಲ್ಲ (ಕಾಲ್ ಸೂಪ್ ಮಾತ್ರ ದಿನಾ ಕುಡೀತಿರ್ತಾರೆ). ಇಂಥೋರಿಗೇ 1951ರ ಸುಮಾರಿಗೆ ಸೈಬೀರಿಯಾದ ಕುರ್ಗಾನ್‌ನಲ್ಲಿ ಇಲಿಜಾರೋವ್ ಅನ್ನೋ ಡಾಕ್ಟ್ರು ಕಾಲಿನ ಸುತ್ತ ರಿಂಗು ಕೂರಿಸಿ, ಸೈಕಲ್ ಕಡ್ಡಿ ಥರದ ತಂತೀನ ಮೂಳೇಲಿ ತೂರಿಸಿ ಬಿಗಿದ್ರು. ಒಬ್ಬ ಪೇಷೆಂಟು ನಟ್ಟನ್ನ ಉಲ್ಟಾ ತಿರುಗಿಸಿಬಿಟ್ಟ, ಒತ್ತಬೇಕಿದ್ದ ಮೂಳೆ ದೂರ ಸರೀತು, ಎಕ್ಸ್‌ರೇಲಿ ನೋಡಿದ್ರೆ ಮಧ್ಯದ ಸಂದೀಲಿ ಹೊಸ ಮೂಳೆ ಬೆಳೀತಿತ್ತು ಅಂತ ಕಥೆ ಹೇಳ್ತಾರೆ. ಈಗ ಹೊಸ ಮೂಳೆ ಬೆಳೀಲಿ ಅಂತ ಬೇಕಂತಲೇ ಹಂಗೆ ಎಳೀತಾರೆ, ದಿನಕ್ಕೆ ಬರೀ 1 ಮಿಲಿಮೀಟರ್, ಅದೂ ಒಂದೇ ಸಲ ಅಲ್ಲ, ಕಾಲು ಕಾಲು ಮಿಲಿಮೀಟರ್ ಹಂಗೆ ನಾಲ್ಕು ಸಲ, ನಟ್ಟು ತಿರುಗಿಸೋ ಕೆಲ್ಸ ಪೇಷೆಂಟ್‌ದೇ.