ಹಾಲು ತರೋಕೆ ನೀವೇ ಹೋಗಿ

ಕೌನ್ಸೆಲಿಂಗ್‌ಗೆ ಬರೋರಲ್ಲಿ ಮುಕ್ಕಾಲು ಜನ ಮೊದಲ ದಿನ ಹೇಳೋದು ಒಂದೇ ಮಾತು, "ಏನ್ ಮಾಡೋಕೂ ಮನಸ್ಸಿಲ್ಲ". ವಾಕಿಂಗ್ ಹೋಗಿ ಅಂದ್ರೆ ಮನಸ್ಸು ಬಂದ್ರೆ ಹೋಗ್ತೀನಿ ಅಂತಾರೆ, ತಂಗಿಗೊಂದು ಫೋನ್ ಮಾಡಿ ಅಂದ್ರೆ ಮೂಡ್ ಸರಿ ಹೋಗ್ಲಿ ಮಾಡ್ತೀನಿ ಅಂತಾರೆ. ಎಲ್ರೂ ಹಂಗೇ ಅಂದ್ಕೊಂಡಿರೋದು ಬಿಡಿ, ಮೊದಲು ಮನಸ್ಸು ಆಮೇಲೆ ಕೆಲಸ ಅಂತ. ನಾನು ದಿನಾ ನೋಡೋದು ಮಾತ್ರ ಉಲ್ಟಾ. ಕಾಲು ಮೊದಲು ಹೊಸ್ತಿಲು ದಾಟುತ್ತೆ, ಮನಸ್ಸು ಗೊಣಗಾಡ್ಕೊಂಡು ಹಿಂದಿಂದ ಬರುತ್ತೆ.

ಒಂದು ಕೇಸ್ ಹೇಳ್ತೀನಿ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ. ಮಲೆನಾಡಿನ ಕಡೆ ಹೈಸ್ಕೂಲ್ ಟೀಚರ್ ಆಗಿ ರಿಟೈರ್ ಆದವ್ರು, ಯಜಮಾನ್ರು ತೀರಿಕೊಂಡ್ಮೇಲೆ ಬೆಂಗಳೂರಲ್ಲಿ ಮಗನ ಮನೆಗೆ ಬಂದ್ರು, ಒಂಬತ್ತನೇ ಮಹಡಿ. ಮಗ ಸೊಸೆ ಇಬ್ರೂ ಒಳ್ಳೆಯವ್ರೇ, ಅಮ್ಮಂಗೆ ಒಂದು ಕಡ್ಡಿ ಎತ್ತಿಡೋಕೂ ಬಿಡಲ್ಲ. ಹಾಲು ಬೆಳಗಿನ ಜಾವ ಬಾಗಿಲಿಗೆ ನೇತುಹಾಕಿರೋ ಚೀಲಕ್ಕೆ ಬಂದು ಬೀಳುತ್ತೆ, ತರಕಾರಿ ಹತ್ತು ನಿಮಿಷಕ್ಕೆ ಆ್ಯಪಲ್ಲಿ ಬರುತ್ತೆ, ದೇವರಿಗೆ ಹೂವು ಕೂಡ ಪ್ಯಾಕೆಟ್ಟಲ್ಲೇ. "ಡಾಕ್ಟ್ರೇ, ಸಂಜೆ ಆರರ ತನಕ ನನ್ನ ಬಾಯಿಂದ ಒಂದು ಮಾತು ಹೊರಗೆ ಬಂದಿರಲ್ಲ, ಮನೇಲಿ ಮಾತಾಡೋದು ಕುಕ್ಕರ್ ಒಂದೇ" ಅಂದ್ರು. (ನಾನು ಡಾಕ್ಟರ್ ಅಲ್ಲ ಅಮ್ಮ, ಸೈಕಾಲಜಿಸ್ಟ್, ಮಾತ್ರೆ ಬರೆಯಲ್ಲ ಅಂತ ಮೂರು ಸಲ ಹೇಳಿದೆ, ಉಪಯೋಗ ಆಗ್ಲಿಲ್ಲ.)

ಇಂಥವ್ರಿಗೆ "ಜನರ ಜೊತೆ ಬೆರೀರಿ" ಅಂತ ಹೇಳಿ ಕಳ್ಸೋದು ಸುಲಭ, ಆದ್ರೆ ಯಾವ ಜನ, ಎಲ್ಲಿ? ಊರಲ್ಲಿದ್ದಾಗ ಅವ್ರಿಗೇನು ಪ್ರಾಣ ಸ್ನೇಹಿತೆಯರ ದಂಡು ಇರ್ಲಿಲ್ಲ, ಇದ್ದಿದ್ದು ಡೈರಿ ಹತ್ರ ಸಿಗೋರು, ಜಗಲಿ ಮೇಲೆ ಕೂತು "ಏನ್ ಟೀಚರ್, ಇವತ್ತು ಲೇಟಾಯ್ತಲ್ಲಾ" ಅನ್ನೋರು, ಬಸ್ ಕಂಡಕ್ಟರು, ಮೊಳ ಹಾಕುವಾಗ ಒಂದು ಗೇಣು ಜಾಸ್ತಿ ಬಿಡೋ ಹೂವಿನವ್ಳು. ಅರ್ಧ ಪರಿಚಯದ ಜನ. ಇವ್ರನ್ನ ನಾವು ಲೆಕ್ಕಕ್ಕೇ ಹಿಡಿಯಲ್ಲ, ಆದ್ರೆ ನಾನು ಇದ್ದೀನಿ ಅಂತ ದಿನಕ್ಕೆ ನಾಲ್ಕು ಸಲ ಗೊತ್ತು ಮಾಡ್ತಿದ್ದೋರು ಇವ್ರೇ. ಗಿಲಿಯನ್ ಸ್ಯಾಂಡ್‌ಸ್ಟ್ರಾಂ, ಎಲಿಜಬೆತ್ ಡನ್ ಅನ್ನೋ ಇಬ್ರು ಮನಃಶಾಸ್ತ್ರಜ್ಞೆಯರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ, ಕಾಫಿ ಶಾಪಿಗೆ ಹೋಗೋರಲ್ಲಿ ಕೆಲವ್ರಿಗೆ ಕಾಫಿ ಕೊಡೋರ ಹತ್ರ ನಗ್ತಾ ಎರಡು ಮಾತಾಡಿ ಅಂದ್ರಂತೆ, ಉಳಿದವ್ರಿಗೆ ಮಾತು ಬೇಡ ಬೇಗ ಕೆಲಸ ಮುಗಿಸ್ಕೊಂಡು ಬನ್ನಿ ಅಂದ್ರಂತೆ. ಮಾತಾಡಿದವ್ರ ಮೂಡೇ ಚೆನ್ನಾಗಿತ್ತು, ಇದು ನಮ್ಮ ಜಾಗ ಅನ್ನೋ ಭಾವನೆನೂ ಅವ್ರಲ್ಲೇ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಅಂತೂ 2025ರ ವರದಿಲಿ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ರಿಗೆ ಒಂಟಿತನ ಕಾಡ್ತಿದೆ ಅಂತ ಹೇಳಿದೆ.

ಟೀಚರ್‌ಗೆ ನಾನು ಕೊಟ್ಟ ಹೋಂವರ್ಕ್ ಇಷ್ಟೇ: ಆ್ಯಪಿನ ಹಾಲು ನಿಲ್ಲಿಸಿ, ಬೆಳಗ್ಗೆ ಗೇಟಾಚೆ ನಂದಿನಿ ಬೂತಿಗೆ ನೀವೇ ಹೋಗಿ ಅರ್ಧ ಲೀಟರ್ ತನ್ನಿ. ಒಂದು ನೋಟ್‌ಬುಕ್ಕಲ್ಲಿ ನಾಲ್ಕು ಗೆರೆ ಎಳೆದು ಟೈಮು, ಏನ್ ಮಾಡಿದ್ರಿ, ಹೋಗೋ ಮುಂಚೆ ಹತ್ತಕ್ಕೆ ಮನಸ್ಸಿಗೆಷ್ಟು ಮಾರ್ಕ್ಸು, ಬಂದ್ಮೇಲೆ ಎಷ್ಟು ಅಂತ ಬರೀರಿ. ಮಾರ್ಕ್ಸ್ ಕೊಡೋ ಕೆಲಸ ಅಂದ ತಕ್ಷಣ ಮುಖ ಸ್ವಲ್ಪ ಅರಳಿತು. ಅಮೆರಿಕದ ಪೀಟರ್ ಲೆವಿನ್ಸನ್ 1970ರ ದಶಕದಲ್ಲಿ ರೂಪಿಸಿದ ವಿಚಾರದ ಮೇಲೆ ನಿಂತಿರೋ ಚಿಕಿತ್ಸೆ ಇದು. ಬೇಜಾರಾದಾಗ ಮನುಷ್ಯ ಒಂದೊಂದೇ ಕೆಲಸ ಬಿಡ್ತಾನೆ, ಬಿಟ್ಟಷ್ಟೂ ಖುಷಿ ಸಿಗೋ ಜಾಗ ಕಮ್ಮಿ ಆಗುತ್ತೆ, ಆಗ ಬೇಜಾರು ಇನ್ನೂ ಜಾಸ್ತಿ, ಈ ಗಾಣ ತಿರುಗೋದನ್ನ ಎಲ್ಲೋ ಒಂದು ಕಡೆ ಕೈ ಹಾಕಿ ನಿಲ್ಲಿಸ್ಬೇಕು ಅಷ್ಟೇ.

ವಾಕಿಂಗ್ ಬಿಟ್ಟು ಹಾಲೇ ಯಾಕೆ ಅಂತ ಮಗ ಕೇಳಿದ್ರು. ವಾಕಿಂಗ್‌ನ ನಾಳೆಗೆ ಹಾಕ್ಬೋದು ಸಾರ್, ಬೆಳಗಿನ ಕಾಫಿನ ಹಾಕೋಕಾಗಲ್ಲ ಅಂದೆ.

ಮೊದಲ ವಾರದ ಪುಟ ತೆಗೆದು ನೋಡಿದ್ರೆ ಏನೂ ಇಲ್ಲ. 6.40 ಹಾಲು, 2, 2. 6.50 ಹಾಲು, 2, 2. ಒಂದಿನ ಮುಂಚೆ 2 ಇದ್ದಿದ್ದು ಬಂದ್ಮೇಲೆ 1, ಲಿಫ್ಟ್ ಕೆಟ್ಟಿತ್ತು. ಒಂಬತ್ತನೇ ದಿನ 2 ಹೋಗಿ 5 ಆಗಿದೆ, ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ "ಬೂತಿನ ಹುಡುಗ ಅರಕಲಗೂಡಿನವನಂತೆ" ಅಂತ. ನಾನು ಆ ಪುಟಾನೇ ಜಾಸ್ತಿ ಹೊತ್ತು ನೋಡ್ತಾ ಕೂತಿದ್ದೆ.

ಇಪ್ಪತ್ತೊಂದು ದಿನ ಮಾಡಿದ್ರೆ ಅಭ್ಯಾಸ ಆಗೋಗುತ್ತೆ ಅಂತ ಫಾರ್ವರ್ಡ್ ಬರುತ್ತಲ್ಲ, ಅದನ್ನ ನಂಬಿ ಇಪ್ಪತ್ತೆರಡನೇ ದಿನ ನಿರಾಶೆ ಆಗ್ಬೇಡಿ. ಲಂಡನ್ನಲ್ಲಿ 96 ಜನರ ಮೇಲೆ ನಡೆದ ಅಧ್ಯಯನದಲ್ಲಿ ಸರಾಸರಿ 66 ದಿನ ಹಿಡೀತು, ಕೆಲವ್ರಿಗೆ 18 ಸಾಕು, ಇನ್ನು ಕೆಲವ್ರಿಗೆ 254. ಮಧ್ಯೆ ಒಂದಿನ ತಪ್ಪಿದ್ರೆ ಏನೂ ಮುಳುಗಿ ಹೋಗಲ್ಲ ಅಂತನೂ ಅದ್ರಲ್ಲೇ ಇದೆ.

ನಿದ್ದೆ ವಿಷಯ ಬೇಗ ಹೇಳಿ ಮುಗಿಸ್ತೀನಿ, ಮಲಗೋ ಟೈಮ್ ಹೆಚ್ಚುಕಮ್ಮಿ ಆದ್ರೂ ಏಳೋ ಟೈಮ್ ಒಂದೇ ಇರ್ಲಿ, ಭಾನುವಾರನೂ. ಸಂಜೆ ಐದರ ಸ್ಟ್ರಾಂಗ್ ಕಾಫಿಯ ಕೆಫೀನ್ ಅರ್ಧಕ್ಕರ್ಧ ರಾತ್ರಿ ಹತ್ತಕ್ಕೂ ಒಳಗೇ ಇರುತ್ತೆ. ಇನ್ನು ವಾಟ್ಸಾಪ್ ಗುಡ್ ಮಾರ್ನಿಂಗ್ ನೋಡಿ ನಾನೂ ನಗ್ತಿದ್ದೆ, ಈಗ ನಗಲ್ಲ. ನನ್ನ ಹತ್ರ ಬರೋ ಒಬ್ರು ಹಿರಿಯರ ಗುಲಾಬಿ ಹೂವು ಎರಡು ದಿನ ಗ್ರೂಪಿಗೆ ಬರ್ಲಿಲ್ಲ ಅಂತ ಹಳೇ ಸಹೋದ್ಯೋಗಿ ಫೋನ್ ಮಾಡಿ ವಿಚಾರಿಸಿದ್ರಂತೆ, ಜ್ವರ ಬಂದು ಒಬ್ರೇ ಮಲಗಿದ್ರು.

ಹಾಲಿನ ಬೂತಿಂದ ಎಲ್ಲಾ ವಾಸಿಯಾಗುತ್ತೆ ಅಂತ ನಾನು ಹೇಳ್ತಿಲ್ಲ. ಟೀಚರ್ ಸೈಕಿಯಾಟ್ರಿಸ್ಟ್ ಬರೆದ ಮಾತ್ರೆನೂ ತಗೋತಿದ್ರು. ಎರಡು ವಾರಕ್ಕಿಂತ ಜಾಸ್ತಿ ದಿನ ಪೂರ್ತಿ ಮಂಕು ಕವಿದಿದ್ರೆ, ನಿದ್ದೆ ಊಟ ಕೆಟ್ಟಿದ್ರೆ ಡಾಕ್ಟರ್ ಹತ್ರ ಹೋಗ್ಲೇಬೇಕು, ಬದುಕೇ ಬೇಡ ಅನ್ನಿಸ್ತಿದ್ರೆ ಎರಡು ವಾರ ಏನು ಎರಡು ಗಂಟೆನೂ ಕಾಯ್ಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ಕ್ಕೆ ಶುರು ಮಾಡಿದ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416, ದುಡ್ಡಿಲ್ಲ, ರಾತ್ರಿನೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ಬೋದು.

ಮೂರನೇ ತಿಂಗಳು ಟೀಚರ್ ನೋಟ್‌ಬುಕ್ ಮರೆತು ಬಂದಿದ್ರು, ಮುಂದಿನ ಸಲ ತಂದ್ರು. ಮಾರ್ಕ್ಸಿನ ಕಾಲಂ ಖಾಲಿ. ಅದೇ ಜಾಗದಲ್ಲಿ ಲೆಕ್ಕ ಬರ್ಕೊಂಡಿದಾರೆ, ಕೊತ್ತಂಬರಿ ಒಂದು ಕಟ್ಟು, ಸೇವಂತಿಗೆ ಎರಡು ಮೊಳ, ಬೂತಿನ ಹುಡುಗನಿಗೆ ಚಿಲ್ರೆ ಬಾಕಿ 4 ರೂಪಾಯಿ.