ಅಲೋಪ್ರೆಗ್ನನೊಲೋನ್: ಮೂರರ ಆಲ್ಫಾ ಬೇರೆ, ಐದರ ಆಲ್ಫಾ ಬೇರೆ

ಹುತ್ತರಿ ರಜೆಗೆ ಸೋಮವಾರಪೇಟೆಯ ಮನೆಗೆ ಬಂದಾಗ ಓದದೆ ಉಳಿದಿದ್ದು ಇದೊಂದೇ ಅಧ್ಯಾಯ. ಬಸುರಿಗೆ ಬೇಕಾದ ಹಾರ್ಮೋನ್ ಪ್ರೊಜೆಸ್ಟರಾನ್ ಎಲ್ಲಿ ಹುಟ್ಟುತ್ತೆ, ಏನು ಮಾಡುತ್ತೆ ಅನ್ನೋದು ನಿಮಗೆ ಗೊತ್ತೇ ಇರುತ್ತೆ, ಅದನ್ನು ಬಿಡುತ್ತೇನೆ. ನಾನು ಎರಡು ದಿನ ತಲೆ ಕೆಡಿಸಿಕೊಂಡಿದ್ದು ಅದರಿಂದ ದೇಹ ತಯಾರಿಸುವ ಅಲೋಪ್ರೆಗ್ನನೊಲೋನ್ ಎಂಬ ವಸ್ತುವಿನ ಹೆಸರಿಗಾಗಿ. ಅದರ ಉದ್ದದ ಹೆಸರು 3ಆಲ್ಫಾ,5ಆಲ್ಫಾ-ಟೆಟ್ರಾಹೈಡ್ರೊಪ್ರೊಜೆಸ್ಟರಾನ್. ಅಂಕಿ ಅಂದರೆ ಎಷ್ಟನೇ ಕಾರ್ಬನ್ ಅಂತ, ಆಲ್ಫಾ ಅಂದರೆ ಅದಕ್ಕೆ ಅಂಟಿದ್ದು ಉಂಗುರದ ಕೆಳಗಿದೆ ಅಂತ. ಎರಡು ಆಲ್ಫಾ ಇವೆ, ಸರಿ. ಯಾವುದರ ಆಲ್ಫಾ?

ದಾರಿ

ಎರಡೇ ಹೆಜ್ಜೆ. ಮೊದಲು 5ಆಲ್ಫಾ-ರಿಡಕ್ಟೇಸ್ ಎಂಬ ಕಿಣ್ವ ಬಂದು 4 ಮತ್ತು 5ನೇ ಕಾರ್ಬನ್ ನಡುವಿನ ಜೋಡಿಬಂಧ ಮುರಿದು ಒಂಟಿಬಂಧ ಮಾಡುತ್ತೆ. ಆಮೇಲೆ 3ಆಲ್ಫಾ-ಎಚ್‌ಎಸ್‌ಡಿ (ಹೈಡ್ರಾಕ್ಸಿಸ್ಟೀರಾಯ್ಡ್ ಡಿಹೈಡ್ರೋಜಿನೇಸ್) ಎಂಬ ಕಿಣ್ವ 3ನೇ ಕಾರ್ಬನ್ ಮೇಲಿನ ಕೀಟೋನನ್ನು ಓಎಚ್ (ಆಕ್ಸಿಜನ್-ಹೈಡ್ರೋಜನ್) ಗುಂಪಾಗಿ ಬದಲಿಸುತ್ತೆ. ಮೊದಲನೇ ಹೆಜ್ಜೆ ಇಟ್ಟರೆ ವಾಪಸ್ ಬರೋಕಾಗಲ್ಲ. ಎರಡನೆಯದು ಎರಡೂ ಕಡೆ ನಡೆಯುತ್ತೆ.

ಟೆಟ್ರಾ ಅಂದರೆ ನಾಲ್ಕು ಹೈಡ್ರೋಜನ್ ಸೇರಿದವು ಅಂತ. ಮೊದಲ ಹೆಜ್ಜೆಯಲ್ಲಿ ಎರಡು, ಎರಡನೆಯದರಲ್ಲಿ ಎರಡು. ಪ್ರೊಜೆಸ್ಟರಾನ್‌ನಲ್ಲಿ 30 ಹೈಡ್ರೋಜನ್, ಇದರಲ್ಲಿ 34. ಕಾರ್ಬನ್ ಎರಡರಲ್ಲೂ 21. ಪರೀಕ್ಷೆಯಲ್ಲಿ ಚಿತ್ರ ಮರೆತರೆ ಈ ಲೆಕ್ಕ ಕೈಹಿಡಿಯುತ್ತೆ.

ನಾನು ಎಡವಿದ ಜಾಗ

ಓಎಚ್ ಗುಂಪು 3ರಲ್ಲಿ ಕೆಳಗಿದೆ, 5ರಲ್ಲೂ ಕೆಳಗಿದೆ ಅಂತ ನಾನು ಅಂದುಕೊಂಡಿದ್ದೆ. ಎರಡು ಓಎಚ್ ಬರೆದೆ. ಹಾಗೆ ಬರೆದರೆ ಆಕ್ಸಿಜನ್ ಲೆಕ್ಕ ತಪ್ಪುತ್ತೆ, ಯಾಕಂದರೆ ಇದರಲ್ಲಿ ಇರುವುದೇ ಎರಡು ಆಕ್ಸಿಜನ್. ಒಂದು 3ರ ಮೇಲೆ, ಇನ್ನೊಂದು 20ರ ಮೇಲೆ. ಹಾಗಾದರೆ 5ಕ್ಕೆ ಯಾವುದು?

ಕಾಗದದ ಮೇಲೆ ತಿಳಿಯಲಿಲ್ಲ. ತೋಟದಿಂದ ಹಸಿರು ಕಾಫಿ ಕಾಯಿ ತಂದು ಪೊರಕೆ ಕಡ್ಡಿಗೆ ಪೋಣಿಸಿದೆ. ಹಸಿರು ಕಾಯಿ ಕಾರ್ಬನ್, ಕೆಂಪು ಹಣ್ಣು ಆಕ್ಸಿಜನ್, ಬಳ್ಳಿಯಿಂದ ಕಿತ್ತ ಹಸಿ ಕಾಳುಮೆಣಸು ಹೈಡ್ರೋಜನ್. "ಹಣ್ಣು ಕುಯ್ಯೋಕೆ ಬಾ ಅಂದ್ರೆ ಕಾಯಿ ಪೋಣಿಸ್ಕೊಂಡು ಕೂತಿದ್ದೀಯಲ್ಲ," ಅಂತ ಅತ್ತೆ ಬೈದರು.

5ನೇ ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ. ಕಾರ್ಬನ್‌ಗೆ ನಾಲ್ಕೇ ಕೈ. ಒಂದು 4ನ್ನು ಹಿಡಿದಿದೆ, ಒಂದು 6ನ್ನು, ಒಂದು 10ನ್ನು. ಉಳಿದಿದ್ದು ಒಂದೇ ಕೈ, ಅದಕ್ಕೆ ಸಿಕ್ಕಿದ್ದು ಒಂದು ಮೆಣಸಿನ ಕಾಳು. ಅಂದರೆ 5ಆಲ್ಫಾ ಅಂದಾಗ ಹೇಳುತ್ತಿರುವುದು ಆ ಹೈಡ್ರೋಜನ್ ಕೆಳಗಿದೆ ಅಂತ, ಅಷ್ಟೆ. ಈಗ 3ನೇ ಕಾಯಿ. ಅದು 2 ಮತ್ತು 4ನ್ನು ಹಿಡಿದಿದೆ. ಉಳಿದ ಎರಡು ಕೈಯಲ್ಲಿ ಒಂದರಲ್ಲಿ ಕಾಳು, ಇನ್ನೊಂದರಲ್ಲಿ ಕೆಂಪು ಹಣ್ಣು. ಇಲ್ಲಿ ಹೆಸರು ಹೇಳುವುದು ಕೆಂಪು ಹಣ್ಣಿನ ದಿಕ್ಕು. ಒಂದೇ ಅಕ್ಷರ, ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಓಎಚ್!

ಕೆಳಗೆ ಅಂದರೆ ಎಲ್ಲಿಂದ ಕೆಳಗೆ? 10ನೇ ಕಾರ್ಬನ್ ತಲೆ ಮೇಲೆ ಒಂದು ಮೀಥೈಲ್ ಗುಂಪು ನಿಂತಿರುತ್ತೆ. ಅದಿರುವ ಕಡೆ ಮೇಲೆ, ಅಂದರೆ ಬೀಟಾ. ಅದರ ಎದುರು ಕಡೆ ಆಲ್ಫಾ.

5ರ ಕಾಳು ಕೆಳಗಿದ್ದರೆ ಮೊದಲೆರಡು ಉಂಗುರಗಳು ಹಲಗೆಯ ಹಾಗೆ ಚಪ್ಪಟೆಯಾಗಿ ಕೂರುತ್ತವೆ. ಕಾಳನ್ನು ಮೇಲಕ್ಕೆ ಚುಚ್ಚಿದೆ. ಮೊದಲ ಉಂಗುರ ಮೊಣಕೈ ಮಡಚಿದ ಹಾಗೆ ಕೆಳಕ್ಕೆ ಬಾಗಿತು. ಬಾಗಿದ್ದು 5ಬೀಟಾ, ಚಪ್ಪಟೆ 5ಆಲ್ಫಾ. ಹಳೆಯ ಹೆಸರಿಡುವ ಕ್ರಮದಲ್ಲಿ ಈ ಚಪ್ಪಟೆಗೇ "ಅಲೋ" ಅನ್ನುತ್ತಿದ್ದರು. ಹೆಸರಿನ ಮೊದಲ ಎರಡಕ್ಷರ ಅಲ್ಲಿಂದ ಬಂದದ್ದು.

ಈ ಎರಡರಲ್ಲಿ ಮೆದುಳಿಗೆ ಜಾಸ್ತಿ ಮುಖ್ಯ ಯಾವುದು? ನನ್ನ ಊಹೆ 5 ಅಂತಿತ್ತು, ಆಕಾರವೇ ಬದಲಾಗುತ್ತಲ್ವಾ. ತಪ್ಪು. 5ಬೀಟಾ ಇರುವ ಬಾಗಿದ ಸೋದರ ಪ್ರೆಗ್ನನೊಲೋನ್ ಕೂಡ ನರಕೋಶವನ್ನು ಶಾಂತಗೊಳಿಸುವ ಗಾಬಾ-ಎ ಗ್ರಾಹಕದ (ಅದರ ವಿವರ ಮುಂದಿದೆ) ಮೇಲೆ ಚೆನ್ನಾಗಿ ಕೆಲಸ ಮಾಡುತ್ತೆ, ಅದರಲ್ಲಿ 3 ಆಲ್ಫಾ ಆಗಿದ್ದರೆ ಸಾಕು. ಆದರೆ ಚಪ್ಪಟೆಯದರಲ್ಲೇ 3ರ ಓಎಚ್ ಮೇಲಕ್ಕೆ ತಿರುಗಿದರೆ ಅದು ಐಸೊಅಲೋಪ್ರೆಗ್ನನೊಲೋನ್. ಅದು ಅಲೋಪ್ರೆಗ್ನನೊಲೋನ್ ಮಾಡುವ ಕೆಲಸಕ್ಕೆ ಅಡ್ಡ ಬರುತ್ತೆ. ನಾನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿದ್ದು: ಮೂರು ಕೆಳಗಿದ್ದರೆ ಮಂಪರು.

ಗಾಬಾ ಹತ್ತಿರ ಏನು ನಡೆಯುತ್ತೆ

ಗಾಬಾ-ಎ ಗ್ರಾಹಕ ಅಂದರೆ ಕ್ಲೋರೈಡ್ ಒಳಗೆ ಹರಿಯುವ ತೂಬು. ಕ್ಲೋರೈಡ್ ಒಳಬಂದರೆ ನರಕೋಶ ಸುಲಭಕ್ಕೆ ಕೆರಳಲ್ಲ. ತೂಬಿನ ಹಲಗೆ ಎತ್ತುವುದು ಗಾಬಾ ಎಂಬ ಮೆದುಳಿನ ರಾಸಾಯನಿಕ. ಎತ್ತಿದ ಹಲಗೆ ಬೇಗ ಬೀಳದ ಹಾಗೆ ಅಡಿಗೆ ಕಲ್ಲು ಕೊಡುವುದು ಅಲೋಪ್ರೆಗ್ನನೊಲೋನ್. ಪ್ರಮಾಣ ತುಂಬಾ ಏರಿದರೆ ಗಾಬಾ ಇಲ್ಲದೆಯೂ ತಾನೇ ಹಲಗೆ ಎತ್ತುತ್ತೆ. ಆತಂಕಕ್ಕೆ ಕೊಡುವ ಡಯಾಜಪಾಮ್ ಕೂಡ ಇದೇ ಗ್ರಾಹಕಕ್ಕೆ ಅಂಟುತ್ತೆ, ಆದರೆ ಕೂರುವ ಜಾಗ ಬೇರೆ.

ಇತಿಹಾಸ ಎರಡೇ ಸಾಲು. ಪ್ರೊಜೆಸ್ಟರಾನ್ ಚುಚ್ಚಿದರೆ ಇಲಿಗಳು ಅರಿವಳಿಕೆ ಕೊಟ್ಟ ಹಾಗೆ ಮಲಗುತ್ತವೆ ಅಂತ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1941ರಲ್ಲೇ ತೋರಿಸಿದ್ದರು. ಅದರ ಹಿಂದೆ ಗಾಬಾ ಇದೆ ಅನ್ನುವುದು 1986ರಲ್ಲಿ ಮಾಯೆವ್ಸ್ಕಾ ಮತ್ತು ಜೊತೆಗಾರರ ಕೆಲಸದಿಂದ ಗೊತ್ತಾಯಿತು.

ಬಸುರಿ, ಬಾಣಂತಿ

ಬಸುರಿನಲ್ಲಿ ಪ್ರೊಜೆಸ್ಟರಾನ್ ಏರಿದ ಹಾಗೆ ಇದೂ ಏರುತ್ತೆ. ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆ ಎರಡೂ ದಡಕ್ಕನೆ ಇಳಿಯುತ್ತವೆ. ಇಳಿಯುವುದು ಎಲ್ಲ ಬಾಣಂತಿಯರಿಗೂ, ಖಿನ್ನತೆ ಬರುವುದು ಕೆಲವರಿಗೆ. ಹಾಗಾಗಿ "ಮಟ್ಟ ಇಳಿದರೆ ಖಿನ್ನತೆ" ಅಂತ ಒಂದೇ ಸಾಲಿನಲ್ಲಿ ಉತ್ತರ ಬರೆಯಬೇಡಿ.

ಇದೇ ಅಣುವನ್ನು ಬ್ರೆಕ್ಸನೊಲೋನ್ ಹೆಸರಿನ ಔಷಧಿಯಾಗಿ, ಹೆರಿಗೆಯ ನಂತರದ ಖಿನ್ನತೆಗೆ ಅಮೆರಿಕದ ಔಷಧಿ ನಿಯಂತ್ರಕ ಎಫ್‌ಡಿಎ 2019ರ ಮಾರ್ಚ್‌ನಲ್ಲಿ ಒಪ್ಪಿತು. ರಕ್ತನಾಳಕ್ಕೆ ಡ್ರಿಪ್, ಅದೂ 60 ಗಂಟೆ. ಕೊಡುವಾಗ ಪ್ರಜ್ಞೆ ತಪ್ಪುವ ಭಯ ಇದ್ದಿದ್ದರಿಂದ ಪಕ್ಕದಲ್ಲಿ ಕಾವಲು ಬೇಕಿತ್ತು. 2024ರ ಕೊನೆಗೆ ಅದರ ಮಾರಾಟ ನಿಂತಿತು. 2023ರಲ್ಲಿ ಬಂದ ಜುರಾನೊಲೋನ್ ಇದರ ಹತ್ತಿರದ ನೆಂಟ, ಪ್ರಯೋಗಾಲಯದಲ್ಲಿ ಮಾಡಿದ್ದು. 14 ದಿನ ಸಂಜೆ ನುಂಗುವ ಮಾತ್ರೆ.

ಒಂದು ಬಿಟ್ಟುಹೋಗಿತ್ತು. ಇದು ಹೆಂಗಸರದ್ದು ಮಾತ್ರ ಅಲ್ಲ. ಮೆದುಳು ತಾನೇ ಇದನ್ನು ತಯಾರಿಸುತ್ತೆ, ಗಂಡಸರಲ್ಲೂ. ಟೆಸ್ಟೊಸ್ಟೆರಾನ್‌ನಲ್ಲೂ 4 ಮತ್ತು 5ರ ನಡುವೆ ಅದೇ ಜೋಡಿಬಂಧ ಇದೆ, ಅದನ್ನು ಮುರಿದು ಡಿಎಚ್‌ಟಿ (ಡೈಹೈಡ್ರೊಟೆಸ್ಟೊಸ್ಟೆರಾನ್) ಎಂಬ ಗಂಡು ಹಾರ್ಮೋನ್ ಮಾಡುವುದೂ 5ಆಲ್ಫಾ-ರಿಡಕ್ಟೇಸ್ ಕಿಣ್ವವೇ. ಕೂದಲು ಉದುರೋದಕ್ಕೆ ಕೊಡುವ ಫಿನಾಸ್ಟರೈಡ್ ತಡೆಯುವುದು ಈ ಕಿಣ್ವವನ್ನು. ಗುರಿ ಡಿಎಚ್‌ಟಿ ಆದರೂ ಅಲೋಪ್ರೆಗ್ನನೊಲೋನ್ ದಾರಿಯ ಮೊದಲ ಹೆಜ್ಜೆಗೂ ಅದು ಅಡ್ಡ ನಿಲ್ಲುತ್ತೆ.